ಹುಣಸೆ ಹಚ್ಚದ ಗಳಿಗೆ ಬಟ್ಟಲು

ನನ್ನ ತಮ್ಮ ಮೇಷ್ಟ್ರಾಗಿದ್ದ ಶಾಲೆಯ ಕತೆಯನ್ನು ಈಗ ನಮ್ಮೂರಲ್ಲಿ ಬಹಳ ಚೆಂದ ಮಾಡಿ ಹೇಳುತ್ತಾರೆ. ಪುಸ್ತಕ ಮುಚ್ಚಿಟ್ಟು ಬಂಡಿ, ಗಾಣ, ಕಾಲುವೆಗಳನ್ನೇ ಪಾಠ ಮಾಡಿದ, ಹೊಲದ ಬದುವಿನ ಮೇಲೆ ಕೂರಿಸಿ ಲೆಕ್ಕ ಕಲಿಸಿದ ಎನ್ನುತ್ತಾರೆ. ಅದೆಲ್ಲ ನಿಜ. ಆದರೆ ಆ ಶಾಲೆಯ ಹೊಸ ಪಾಠ ಒಂದು ಬೇಸಿಗೆಯಲ್ಲಿ ನಿಂತೇಹೋಗಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಹೇಳಿದರೂ ನನ್ನ ಮುಂದೆ ಹೇಳುವುದಿಲ್ಲ. ಅದನ್ನು ನಿಲ್ಲಿಸಿದವಳು ನಾನು. ನನ್ನ ತಲೆ ನೆಟ್ಟಗಿರುವಾಗಲೇ ಇದನ್ನು ಬರೆದಿಡಬೇಕೆಂದು ಗಟ್ಟಿ ಮಾಡಿಕೊಂಡು ಕೂತಿದ್ದೇನೆ.

ನಮ್ಮೂರು ಕಂಪ್ಲಿಗೂ ಎಮ್ಮಿಗನೂರಿಗೂ ನಡುವೆ. ಆಗಿನ್ನೂ ನಮ್ಮ ಸೀಮೆ ಮದ್ರಾಸಿನ ಕೈಯಲ್ಲಿತ್ತು. ನಾನು ಎರಡನೆಯ ಇಯತ್ತೆ ಮುಗಿಸುವ ಮೊದಲೇ ಶಾಲೆ ಬಿಟ್ಟೆ; ಮದುವೆಯಾಯಿತು, ಬೇಗನೆ ಗಂಡ ತೀರಿಕೊಂಡ, ತವರಿಗೆ ಬಂದೆ. ಅವ್ವ ಇರಲಿಲ್ಲ. ಮನೆ, ಅಪ್ಪ, ಚಿಕ್ಕವನಾಗಿದ್ದ ತಮ್ಮ, ಮೂರೂ ನನ್ನ ಮೇಲೆ ಬಿದ್ದವು. ನನಗೆ ಸಿಗದ ಓದು ಅವನಿಗೆ ಸಿಗಲಿ ಎಂದು ಹಟ ಹಿಡಿದು ಓದಿಸಿದೆ. ಅವನು ಹೊಸಪೇಟೆಯಲ್ಲಿ ಓದಿ, ಬಳ್ಳಾರಿಯಲ್ಲಿ ಮೇಷ್ಟ್ರ ತರಬೇತಿ ಮುಗಿಸಿ, ನಮ್ಮೂರ ಬೋರ್ಡ್ ಶಾಲೆಗೇ ಬಂದಾಗ ಅಪ್ಪ ಇರಲಿಲ್ಲ. ಮನೆಯಲ್ಲಿ ಉಳಿದವರು ನಾವಿಬ್ಬರೇ. ಹೊಲ ನಾನು ನೋಡಿಕೊಳ್ಳುತ್ತಿದ್ದೆ, ಶಾಲೆ ಅವನು.

ಬಂದ ವರ್ಷ ಅವನು ಎಲ್ಲರಂತೆ ಪುಸ್ತಕ ಹಿಡಿದೇ ಪಾಠ ಮಾಡಿದ. ಶಾಲೆ ನಮ್ಮ ಮನೆಗೆ ಹತ್ತಿರ. ಮಕ್ಕಳು ಓದುವುದು ಅಡುಗೆಮನೆಗೆ ಕೇಳುತ್ತಿತ್ತು. ಮೂರನೆಯ ಪುಸ್ತಕದಲ್ಲಿ ಹಿಮ ಬೀಳುವ ಊರಿನ ಪಾಠವೊಂದಿತ್ತು. ಮಕ್ಕಳು ಅದನ್ನು ರಾಗವಾಗಿ ಕೂಗಿ ಕೂಗಿ ನನಗೂ ಬಾಯಿಪಾಠವಾಗಿತ್ತು. ಒಂದು ದಿನ ಅವನು ಊಟಕ್ಕೆ ಬಂದು ತಟ್ಟೆಯ ಮುಂದೆ ಕೂತು ಹೇಳಿದ.

“ಒಬ್ಬ ಹುಡುಗ ಕೇಳಿದ ಅಕ್ಕ, ಹಿಮ ಅಂದ್ರ ಹೆಂಗಿರ್ತೈತ್ರಿ ಅಂತ. ಬೆಳ್ಳಗ, ತಣ್ಣಗ ಅಂದೆ. ಮಜ್ಜಿಗಿಯಂಗೇನ್ರಿ ಅಂದ.”

“ನೀ ಏನಂದಿ?”

“ಏನನ್ಲಿ? ನಾನರ ಎಲ್ಲಿ ನೋಡೀನಿ? ನಮ್ಮ ಕಾಲುವಿ ಎಲ್ಲಿಂದ ಬರ್ತೈತಿ ಅಂತ ತಿರುಗಿ ಕೇಳಿದೆ. ಯಾವ ಹುಡುಗನಿಗೂ ಗೊತ್ತಿಲ್ಲ. ದಿನಾ ಅದರಾಗ ಬಿದ್ದು ಈಸ್ತಾವ.”

ಹೊಸ ಪಾಠಕ್ಕೆ ಅವನು ಎದ್ದು ನಿಂತದ್ದು ಆ ಊಟದಿಂದಲೇ ಎಂದು ನನ್ನ ಲೆಕ್ಕ. ಶಾಲಾ ಇನ್‌ಸ್ಪೆಕ್ಟರರ ಬಳಿ ಹೋಗಿ, ಬೇಡಿ, ಒಂದು ವರ್ಷದ ಮಟ್ಟಿಗೆ ಅಪ್ಪಣೆ ತಂದ. ಪಾಠಗಳನ್ನು ಊರಿನ ಬದುಕಿನ ಸುತ್ತ ಕಟ್ಟಿಕೊಳ್ಳಬಹುದು. ಆದರೆ ವರ್ಷದ ಕೊನೆಗೆ ಇನ್‌ಸ್ಪೆಕ್ಟರರು ಬಂದಾಗ ಮಕ್ಕಳು ಓದು, ಬರಹ, ಲೆಕ್ಕದಲ್ಲಿ ಬೇರೆ ಶಾಲೆಗಳಿಗಿಂತ ಹಿಂದೆ ಬಿದ್ದಿರಬಾರದು, ಹಾಜರಿಯೂ ಕುಗ್ಗಿರಬಾರದು. ಕುಗ್ಗಿದರೆ ಮತ್ತೆ ಹಳೆಯ ಪುಸ್ತಕ, ಬಹುಶಃ ಅವನಿಗೆ ಬೇರೆ ಊರು.

ಮಳೆಗಾಲದಲ್ಲಿ ಬಿತ್ತನೆ ಪಾಠವಾಯಿತು. ಆಮೇಲೆ ಬಂಡಿ. ಬಡಿಗನ ಮನೆಯ ಮುಂದೆ ಮಕ್ಕಳು ಸಾಲಾಗಿ ಕೂತು ಗಾಲಿ, ಅಚ್ಚು, ನೊಗ ಎಂದು ಮಣ್ಣಿನಲ್ಲಿ ಬರೆಯುತ್ತಿದ್ದರು. ಗಾಲಿಯ ಪಟ್ಟಿ ಯಾವ ಕಬ್ಬಿಣ ಎಂದು ಮಾತು ಬಂದಾಗ ತಮ್ಮ ಸಂಡೂರಿನ ಗುಡ್ಡದಿಂದ ಕಬ್ಬಿಣದ ಅದಿರಿನ ಕೆಂಪು ಕಲ್ಲು ತರಿಸಿ ಎಲ್ಲರ ಕೈಗೂ ಕೊಟ್ಟು ತೂಕ ನೋಡಿಸಿದ. ಸಣ್ಣ ಹುಡುಗರು ಕೆಂಪು ಕೈಯನ್ನು ಒಬ್ಬರಿಗೊಬ್ಬರು ಮುಖಕ್ಕೆ ಹಚ್ಚಿಕೊಂಡು ಮನೆಗೆ ಹೋದರು. ತಾಯಂದಿರು ನನ್ನ ಮೇಲೆ ಹರಿಹಾಯ್ದರು. ಊರ ಗೌಡರು ಒಮ್ಮೆ ನಮ್ಮ ಕಟ್ಟೆಯ ಮುಂದೆ ನಿಂತು ತಮ್ಮನನ್ನು ಕೆಣಕಿದ್ದು ನೆನಪಿದೆ.

“ಏನಪಾ ಮೇಷ್ಟ್ರ, ಹುಡುಗ್ರು ಬಡಿಗ್ಯಾನ ಮನಿ ಮುಂದ ಕುಂತಾವ. ಸಾಲಿ ಅಲ್ಲಿಗೆ ಹೋತೇನು?”

“ಗಾಲಿ ಅಳಿಯಾಕ ಹೋಗ್ಯಾವ್ರಿ. ಒಂದ್ ಸುತ್ತಿಗೆ ಎಷ್ಟು ದೂರ ಹೋಗ್ತೈತಿ ಅಂತ ಗೊತ್ತಾದ್ರ, ಕಂಪ್ಲಿ ಸಂತಿಗೆ ಎಷ್ಟು ಸುತ್ತು ಅಂತ ಲೆಕ್ಕ ಹಾಕ್ತಾವ್ರಿ.”

“ಎತ್ತು ದಾರ್‍ಯಾಗ ನಿಂತು ಉಚ್ಚಿ ಹೊಯ್ದ್ರ ಆ ಲೆಕ್ಕ ಏನಾಗ್ತೈತಿ?”

“ಅದನ್ನೂ ಕೇಳ್ತೀನಿ ತಗರ್ರಿ,” ಎಂದ ತಮ್ಮ. ಗೌಡರು ನಕ್ಕರು. ನಕ್ಕ ಮೇಲೆ ಮುಖ ಬಿಗಿ ಮಾಡಿಕೊಂಡು, “ಹೊಲದ ಕೆಲಸ ನಾವ ಕಲಿಸ್ತೀವೋ ತಮ್ಮಾ. ಸಾಲಿಗೆ ಕಳಿಸೋದು ಹುಡುಗ ಹೊಲ ಬಿಟ್ಟು ಮ್ಯಾಲೆ ಬರ್ಲಿ ಅಂತ,” ಎಂದರು. ಅದು ಗೌಡರೊಬ್ಬರ ಮಾತಾಗಿರಲಿಲ್ಲ. ಊರಿನ ಅರ್ಧ ಜನ ಹಾಗೆಯೇ ಅಂದುಕೊಂಡಿದ್ದರು. ನನಗೂ ಒಳಗೊಳಗೆ ಹಾಗೇ ಅನಿಸುತ್ತಿತ್ತು. ಆದರೆ ಗಾಣದ ಪಾಠ ಬಂದು, ಕಬ್ಬಿನ ಹಾಲು ಕಾಯುವ ಕೊಪ್ಪರಿಗೆಯ ಸುತ್ತ ಕೂತ ಮಕ್ಕಳು ಆ ದಿನ ನೋಡಿದ್ದನ್ನೆಲ್ಲ ತಾವೇ ಬರೆದು, ಸಂಜೆ ತಮ್ಮ ತಮ್ಮ ಅಪ್ಪಂದಿರಿಗೆ ಓದಿ ಹೇಳಿದಾಗ ಕೆಲವರ ಬಾಯಿ ಮುಚ್ಚಿತು. ಓದು ಬಾರದ ಅಪ್ಪ ತನ್ನದೇ ಕೆಲಸವನ್ನು ಮಗಳ ಬಾಯಿಂದ ಓದಿಸಿ ಕೇಳುವುದೆಂದರೆ ಹೇಗಿರುತ್ತದೆ! ಕೆಳಗಿನ ಓಣಿಯ ಒಬ್ಬ ರೈತ ಮೂರು ಸಲ ಓದಿಸಿ ಕೇಳಿದನಂತೆ. ಅವನ ಮಗಳ ವಿಷಯ ಮುಂದೆ ಬರುತ್ತದೆ.

ಬೇಸಿಗೆಗೆ ಅವನು ಇಟ್ಟುಕೊಂಡಿದ್ದ ಪಾಠ ನೀರು.

ಇಲ್ಲಿ ನಮ್ಮ ನೀರಿನ ಸರದಿಯ ಮಾತು ಹೇಳಬೇಕು. ಶಿವರಾತ್ರಿ ಕಳೆದ ಮೇಲೆ ಹೊಳೆ ಸೊರಗುತ್ತದೆ, ಕಾಲುವೆಯಲ್ಲಿ ನೀರು ಇಳಿಯುತ್ತದೆ. ಆಗ ಮೇಲಿನ ಓಣಿಯವರ ಹೊಲಕ್ಕೆ ಇಷ್ಟು ಗಳಿಗೆ, ಕೆಳಗಿನ ಓಣಿಯವರ ಹೊಲಕ್ಕೆ ಅಷ್ಟೇ ಗಳಿಗೆ ಎಂದು ನೀರು ಬಿಡುತ್ತಿದ್ದರು. ಗಳಿಗೆ ಅಳೆಯುವುದಕ್ಕೆ ತಾಮ್ರದ ಬಟ್ಟಲು. ಅದರ ತಳದಲ್ಲಿ ಸೂಜಿ ಹೋಗುವಷ್ಟು ತೂತು. ಕೊಪ್ಪರಿಗೆಯ ನೀರಿನ ಮೇಲೆ ಅದನ್ನು ತೇಲಬಿಟ್ಟರೆ ತೂತಿನಿಂದ ನೀರು ಏರಿ ಏರಿ ಬಟ್ಟಲು ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ. ಅಜ್ಜನ ಕಾಲದಲ್ಲಿ ಎರಡು ಓಣಿಗೂ ಜಗಳವಾಗಿ, ನಿಮ್ಮ ಬಟ್ಟಲು ನಾವು ನಂಬುವುದಿಲ್ಲ, ನಮ್ಮದು ನೀವು ನಂಬುವುದಿಲ್ಲ ಎಂದಾಗ, ಕಂಪ್ಲಿಯ ಕಂಚುಗಾರನ ಹತ್ತಿರ ಒಂದೇ ತಗಡಿನಲ್ಲಿ ಎರಡು ಬಟ್ಟಲು ಮಾಡಿಸಿದರಂತೆ. ಮೇಲಿನ ಓಣಿಯದು ನಮ್ಮ ಮನೆಯಲ್ಲಿ, ಕೆಳಗಿನ ಓಣಿಯದು ಅವರಲ್ಲಿ. ಯಾರ ಸರದಿಗೆ ಅವರ ಬಟ್ಟಲು.

ಕೆಳಗಿನ ಓಣಿಯವರು ತಮ್ಮ ಬಟ್ಟಲನ್ನು ಉಳಿದ ಪಾತ್ರೆಗಳ ಜತೆಗೆ ಹುಣಸೆಹಣ್ಣು, ಬೂದಿ ಹಚ್ಚಿ ಉಜ್ಜುತ್ತಿದ್ದರು. ನಮ್ಮದು ಜಗುಲಿಯ ಮೇಲೆ ದೇವರ ಪಕ್ಕದಲ್ಲಿರುತ್ತಿತ್ತು. ದಿನವೂ ಅದಕ್ಕೆ ವಿಭೂತಿ, ಗಂಧ. ನೀರು ಚಿಮುಕಿಸಿ ಒರೆಸುವುದಷ್ಟೇ. ಹುಣಸೆ ಹಚ್ಚುವುದು ಎಂಜಲು ಪಾತ್ರೆಗೆ, ಪೂಜೆಯ ಬಟ್ಟಲಿಗಲ್ಲ ಎಂದು ಅಜ್ಜಿ ಹಾಕಿಟ್ಟ ಕಟ್ಟು. ವಿಭೂತಿ, ಗಂಧ, ಕಾಲುವೆಯ ನೀರಿನ ಸುಣ್ಣ ಎಲ್ಲ ಸೇರಿ ತೂತಿನ ಸುತ್ತ ಕಲ್ಲಿನಂತೆ ಕಟ್ಟಿತು. ತೂತು ಸಣ್ಣದಾಯಿತು. ತೂತು ಸಣ್ಣದಾದರೆ ಬಟ್ಟಲು ತಡವಾಗಿ ಮುಳುಗುತ್ತದೆ. ನಮ್ಮ ಗಳಿಗೆ ಅವರ ಗಳಿಗೆಗಿಂತ ಉದ್ದವಾಯಿತು, ನಮ್ಮ ಪಾಲಿನ ನೀರೂ ಹೆಚ್ಚಾಯಿತು.

ಇದು ಭಕ್ತಿಯಿಂದಾದ ತಪ್ಪು ಎನ್ನಬಹುದು. ಮೊದಲು ಹಾಗೆಯೇ ಇತ್ತು. ಆದರೆ ನಾನು ತವರಿಗೆ ಬಂದ ಹೊಸದರಲ್ಲಿ ಒಂದು ದಿನ ಕಸಬರಿಗೆಯ ಕಡ್ಡಿಯಿಂದ ಆ ತೂತನ್ನು ಕೆದಕಿದೆ. ಬಿಳಿಯ ಚಕ್ಕೆಯೊಂದು ಎದ್ದು ಬಂತು. ಅಪ್ಪ ಬಾಗಿಲಲ್ಲಿ ನಿಂತಿದ್ದ.

“ಬಿಡು ಅದನ್ನ. ಹಂಗ ಇರ್ಲಿ,” ಎಂದ.

ಬೈಯಲಿಲ್ಲ. ಬೈದಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ನನ್ನ ಮುಖ ನೋಡದೆ, ಹೊರಗೆ ಕಬ್ಬಿನ ಕಡೆ ನೋಡುತ್ತ ಅಂದ. ಅಪ್ಪನಿಗೆ ಗೊತ್ತಿದೆ ಎಂದು ನನಗೆ ಗೊತ್ತಾಯಿತು. ಆ ದಿನದಿಂದ ನಾನೂ ಗೊತ್ತಿದ್ದವಳಾದೆ. ಬೇಸಿಗೆಯ ಕೊನೆಗೆ ಕೆಳಗಿನ ಓಣಿಯವರ ಭತ್ತ ಬಾಡುವುದನ್ನೂ ನಮ್ಮ ಕಬ್ಬು ಕಡುಹಸಿರಾಗಿ ನಿಲ್ಲುವುದನ್ನೂ ವರ್ಷವರ್ಷ ನೋಡಿದೆ. ನಮ್ಮ ಹೊಲ ಮೇಲಿದೆ, ಅದರ ಪುಣ್ಯ ಎಂದು ಹೆಂಗಸರ ಮುಂದೆ ಹೇಳುತ್ತಲೂ ಇದ್ದೆ. ತಮ್ಮನಿಗೆ ಇದು ಗೊತ್ತಿರಲಿಲ್ಲ.

ಅವನು ಬಟ್ಟಲು ಕೇಳಿದಾಗ ನಾನು ಬೇಡ ಅಂದೆ. “ಪೂಜಿ ಬಟ್ಲಪ್ಪ, ಹುಡುಗ್ರ ಕೈಗೆ ಹೆಂಗ ಕೊಡ್ಲಿ?”

“ನೀನ ಹಿಡಕಂಡು ಬಾ. ನೀನ ನೀರಾಗ ಬಿಡು. ಹುಡುಗ್ರು ನೋಡ್ತಾವ ಅಷ್ಟ.”

ಇನ್ನೇನು ನೆಪ ಹೇಳಲಿ? ನೆಪ ಹೇಳಿದಷ್ಟೂ ಅನುಮಾನ. ಮಕ್ಕಳು ಏನು ಕಂಡಾರು ಎಂದುಕೊಂಡು ಮಡಿಲಲ್ಲಿಟ್ಟುಕೊಂಡು ಹೋದೆ.

ಕಾಲುವೆಯ ದಂಡೆಯಲ್ಲಿ ಬೇವಿನ ನೆರಳು. ಕೊಪ್ಪರಿಗೆ ತುಂಬಿಟ್ಟಿದ್ದರು. ಕೆಳಗಿನ ಓಣಿಯವರೂ ತಮ್ಮ ಬಟ್ಟಲು ಕೊಟ್ಟಿದ್ದರು. ಅಜ್ಜನ ಕಾಲದಿಂದ ಆ ಎರಡು ಬಟ್ಟಲು ಒಂದೇ ನೀರಿನಲ್ಲಿ ತೇಲಿದ್ದಿಲ್ಲ. ತಮ್ಮನಿಗೂ ಅದು ಹೊಳೆದಿರಲಿಲ್ಲ. ಅವನು ಮಕ್ಕಳಿಗೆ ಗಳಿಗೆ ಎಂದರೇನು ಎಂದು ತೋರಿಸಲು ಹೊರಟಿದ್ದ. ಎರಡನ್ನೂ ಒಟ್ಟಿಗೆ ನೀರಿಗೆ ಬಿಡಿಸಿದ. ಶಾಲೆಯಲ್ಲಿ ಗಡಿಯಾರ ಇರಲಿಲ್ಲ. “ಮಗ್ಗಿ ಹೇಳ್ರಿ, ಎಲ್ಲಿಗೆ ಬಂದಾಗ ಮುಳುಗ್ತೈತಿ ನೋಡೋಣು,” ಎಂದ. ಮಕ್ಕಳು ಒಂದರಿಂದ ಇಪ್ಪತ್ತರ ತನಕ ರಾಗ ಎಳೆದು ಹೇಳಿ ಮುಗಿಸಿ, ಮತ್ತೆ ಒಂದರಿಂದ ಶುರು ಮಾಡಿದರು. ಎರಡನೆಯ ಸುತ್ತಿನಲ್ಲಿ ಹದಿನಾರರ ಮಗ್ಗಿಯ ನಡುವೆ ಕೆಳಗಿನ ಓಣಿಯ ಬಟ್ಟಲು ಗುಳುಕ್ಕೆಂದು ಇಳಿಯಿತು.

“ನಮ್ದು ಮುಳುಗಿತ್ರಿ,” ಎಂದು ಒಬ್ಬ ಹುಡುಗಿ ಕೂಗಿದಳು. ಮೂರು ಸಲ ಓದಿಸಿ ಕೇಳಿದ್ದನಲ್ಲ, ಆ ರೈತನ ಮಗಳು.

ನಮ್ಮದು ತೇಲುತ್ತಲೇ ಇತ್ತು. ಮಕ್ಕಳು ಮಗ್ಗಿ ನಿಲ್ಲಿಸಲಿಲ್ಲ. ಇಪ್ಪತ್ತು ಮುಗಿಯಿತು. ಮೂರನೆಯ ಸುತ್ತು ಹಿಡಿದರು. ದನಿ ಮೊದಲಿನ ರಾಗ ಬಿಟ್ಟು ಸಣ್ಣದಾಗುತ್ತ ಬಂತು. ಕೊನೆಗೆ ನಾಲ್ಕರ ಮಗ್ಗಿಗೆ ನಮ್ಮ ಬಟ್ಟಲು ಮುಳುಗಿದಾಗ ಯಾರೂ ಕೂಗಲಿಲ್ಲ. ಆ ಹುಡುಗಿ ಎರಡೂ ಬಟ್ಟಲನ್ನು ನೀರಿಂದ ಎತ್ತಿ ಬಿಸಿಲಿಗೆ ಹಿಡಿದಳು. ಒಂದರ ತಳದಿಂದ ನೆಲದ ಮೇಲೆ ಬಿಸಿಲಿನ ಬೊಟ್ಟು ಬಿತ್ತು. ಇನ್ನೊಂದರಿಂದ ಬಿದ್ದದ್ದು ಸಾಸಿವೆಯಷ್ಟು.

“ಮೇಷ್ಟ್ರ, ಇದರಾಗ ಬಿಸ್ಲು ಸಣ್ಣಕ ಬರ್ತೈತ್ರಿ.”

ತಮ್ಮ ಬಾಗಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಬಟ್ಟಲು ಕಿತ್ತುಕೊಂಡು, “ಪೂಜಿ ಬಟ್ಲ ಮುಟ್ಟತೀಯೇನ?” ಎಂದು ಆ ಹುಡುಗಿಗೆ ಗದರಿ ಮನೆಗೆ ಬಂದುಬಿಟ್ಟೆ.

ಸುದ್ದಿ ನನಗಿಂತ ಮುಂಚೆ ಊರು ಸೇರಿತ್ತು. ಮರುದಿನ ಬೆಳಿಗ್ಗೆ ಎರಡೂ ಓಣಿಯವರು ಊರ ಕಟ್ಟೆಗೆ ಬಂದರು. ಕೆಳಗಿನ ಓಣಿಯವರು ಗಲಾಟೆ ಮಾಡಲಿಲ್ಲ. ಇಷ್ಟು ವರ್ಷದ ನೀರು ಎಲ್ಲಿ ಹೋಯಿತು ಎಂದಷ್ಟೇ ಕೇಳಿದರು. ಗೌಡರ ಹೊಲವೂ ಮೇಲಿನದು. ಅವರು ನನ್ನನ್ನು ಕರೆಸಿದರು.

“ಏನವಾ ತಂಗಿ, ಬಟ್ಲ ನಿನ್ನ ಕೈಯಾಗ ಇರ್ತೈತಿ. ಅದು ಮದ್ಲಿಂದ ಹಂಗ ಐತೋ, ನಿನ್ನಿ ಸಾಲಿ ಹುಡುಗ್ರು ಏನರ ಕಿತಾಪತಿ ಮಾಡ್ಯಾರೋ?”

ಕೇಳುವ ರೀತಿಯಲ್ಲೇ ಉತ್ತರವೂ ಇತ್ತು. ಮೇಲಿನ ಓಣಿಯ ಗಂಡಸರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಒಂದು ಬದಿಗೆ ತಮ್ಮನೂ ಕೂತಿದ್ದ. ಅಪ್ಪನ ಹೆಸರು, ಆಳೆತ್ತರ ಬೆಳೆದ ಕಬ್ಬು, ಗಂಡನಿಲ್ಲದ ನನಗೆ ಆ ಓಣಿಯಲ್ಲಿದ್ದ ಮರ್ಯಾದೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ತಮ್ಮನ ಶಾಲೆ ಬರಲಿಲ್ಲ. ಬರಲಿಲ್ಲ ಎಂಬುದನ್ನೇ ನಾನು ಈಗ ಬರೆಯಬೇಕಾದದ್ದು.

“ಮನ್ಯಾಗಿಂದ ಒಯ್ಯುವಾಗ ಚೊಲೋ ಇತ್ತು,” ಎಂದೆ. “ಕೆಳಗಿನ ಓಣಿ ಆ ಹುಡುಗಿ ಕೈಯಾಗ ಹಿಡಕಂಡಿದ್ಳು. ಮೇಣ ತುಂಬ್ಯಾಳೋ ಏನೋ.”

ಅವಳ ಅಪ್ಪ ಅಲ್ಲೇ ಇದ್ದ. ಹೆಗಲ ಮೇಲಿನ ವಸ್ತ್ರ ಕೊಡವಿ, “ನಡೀರ್ರಿ,” ಎಂದು ತನ್ನವರನ್ನು ಕರೆದುಕೊಂಡು ಹೋದ.

ಆ ದಿನದಿಂದ ಕೆಳಗಿನ ಓಣಿಯ ಒಂದು ಮಗುವೂ ಶಾಲೆಗೆ ಬರಲಿಲ್ಲ. ಅರ್ಧ ಶಾಲೆ ಖಾಲಿ. ಮೇಲಿನ ಓಣಿಯವರು ತಮ್ಮ ಮಕ್ಕಳನ್ನು ಕಳಿಸಿದರು, ಒಂದು ಷರತ್ತಿನ ಮೇಲೆ: ಇನ್ನು ಕಾಲುವೆ ಬೇಡ, ಬಂಡಿ ಬೇಡ, ಪುಸ್ತಕದಲ್ಲಿದ್ದದ್ದನ್ನು ಓದಿಸಿ. ಇನ್‌ಸ್ಪೆಕ್ಟರರು ಯುಗಾದಿ ಕಳೆದು ಬರುವವರಿದ್ದರು.

ತಮ್ಮ ನನ್ನನ್ನು ಒಂದೇ ಮಾತು ಕೇಳಿದ. ಅಂಗಳದಲ್ಲಿ ಕಾಲು ತೊಳೆಯುತ್ತ, ಬೆನ್ನು ಮಾಡಿಕೊಂಡೇ ಕೇಳಿದ.

“ಅಕ್ಕ, ಬಟ್ಲ ನೀರಾಗ ಇದ್ದಾಗ ಯಾರೂ ಮುಟ್ಟಿಲ್ಲ. ಮುಳುಗಿದ ಮ್ಯಾಲೆ ಆ ಹುಡುಗಿ ಎತ್ತಿದ್ಳು. ಮೇಣ ಯಾವಾಗ ತುಂಬಿದ್ಳು?”

“ನಾ ಏನ್ ನೋಡ್ಕಂಡು ಕುಂತಿದ್ನೇನು?”

ಅವನು ಮತ್ತೆ ಕೇಳಲಿಲ್ಲ. ಅವನಿಗೆ ತಿಳಿದಿತ್ತು. ಕಟ್ಟೆಯ ಮೇಲೆ ಎದ್ದು ನಿಂತು, ನನ್ನ ಅಕ್ಕ ಸುಳ್ಳು ಹೇಳುತ್ತಾಳೆ ಎನ್ನಬಹುದಿತ್ತು. ತಾಯಿಯಂತೆ ಸಾಕಿದವಳನ್ನು ಊರ ಮುಂದೆ ನಿಲ್ಲಿಸಲು ಅವನಿಗೆ ಬಾಯಿ ಬರಲಿಲ್ಲ. ಮಾರನೆಯ ದಿನ ಮೂರನೆಯ ಪುಸ್ತಕ ತೆಗೆದ. ನಾನು ರೊಟ್ಟಿ ತಟ್ಟುತ್ತಿದ್ದೆ. ಶಾಲೆಯಿಂದ ಅರ್ಧ ಮಕ್ಕಳ ದನಿ ಬಂತು: ಹಿಮ ಬೀಳುವ ಊರು, ಬೆಳ್ಳನೆಯ ನೆಲ, ಬೆಳ್ಳನೆಯ ಮರ. ಎಲ್ಲ ಅದೇ ಪಾಠ. ನಡುವೆ ಅವನ ದನಿ ಒಮ್ಮೆಯೂ ಕೇಳಲಿಲ್ಲ. ಬಂಡಿಯ ಪಾಠ ನಡೆಯುವಾಗ ಅವನ ದನಿಯೇ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಹೆಂಚಿನ ಮೇಲೆ ರೊಟ್ಟಿ ಕರಿಯಾಯಿತು.

ಅವನನ್ನು ಓದಿಸಿದ್ದು ಇದಕ್ಕಲ್ಲ ಎಂದು ಆವತ್ತು ಅನಿಸಿತು. ಅನಿಸಿದ ಮೇಲೂ ನಾಲ್ಕಾರು ದಿನ ಕಳೆದೆ. ಹೆದರಿಕೆ ಇತ್ತು. ಹೆದರಿಕೆ ಹೋದ ಮೇಲೆ ಮಾಡೋಣ ಎಂದರೆ ಅದು ಹೋಗುವುದಲ್ಲ ಎಂದು ತಿಳಿದ ದಿನ ಹೊರಟೆ.

ಆ ದಿನ ಮೇಲಿನ ಓಣಿಯ ಸರದಿ. ಬಟ್ಟಲು ಒಯ್ಯಲು ನೀರಗಂಟಿ, ಅಂದರೆ ಕಾಲುವೆಯ ಬಾಗಿಲು ತೆಗೆದು ಮುಚ್ಚುವವನು, ಬಾಗಿಲಿಗೆ ಬಂದ. “ನಾನ ತರ್ತೀನಿ, ನಡಿ,” ಎಂದೆ. ಬುಟ್ಟಿಯಲ್ಲಿ ಒಂದು ಹಿಡಿ ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಇಟ್ಟುಕೊಂಡು, ಜಗುಲಿಯಿಂದ ಬಟ್ಟಲು ಇಳಿಸಿ, ಸೆರಗಿನಲ್ಲಿ ಮುಚ್ಚದೆ ಕೈಯಲ್ಲಿ ಹಿಡಿದು ಓಣಿಯ ನಡುವೆ ನಡೆದೆ. ದಾರಿಯಲ್ಲಿ ಶಾಲೆ. ತಮ್ಮ ಬಾಗಿಲಿಗೆ ಬಂದು ಬುಟ್ಟಿ ನೋಡಿದ. ನಾನು ನಿಲ್ಲಲಿಲ್ಲ.

ಕಾಲುವೆಯ ದಂಡೆಯಲ್ಲಿ ಗೌಡರು, ಮೇಲಿನ ಓಣಿಯ ಹಿರಿಯರು ಕೂತಿದ್ದರು. ನೀರು ಯಾವಾಗ ತಮ್ಮ ಕಡೆ ತಿರುಗುತ್ತದೆಂದು ಕಾಯುವ ಕೆಳಗಿನ ಓಣಿಯವರು ಆಚೆ ನಿಂತಿದ್ದರು. ನಾನು ಕಲ್ಲಿನ ಮೇಲೆ ಕೂತು ಬಟ್ಟಲಿಗೆ ಹುಣಸೆ ಮೆತ್ತಿದೆ.

“ಏ ತಂಗಿ, ಏನ್ ಮಾಡಾಕ್ಹತ್ತೀ? ಅದು ದೇವ್ರ ಬಟ್ಲು,” ಎಂದರು ಗೌಡರು.

“ಹೌದ್ರಿ. ದೇವ್ರ ಪಕ್ಕದಾಗ ಇಟ್ಟು ಹೊಲಸು ಮಾಡೀವಿ. ತೊಳೀತೀನಿ.”

“ಸುಮ್ನ ಏಳು. ಗಂಡಸ್ರು ಕುಂತಾರ ಇಲ್ಲಿ.”

“ಕುಂತಿರ್ಲಿ ಬಿಡ್ರಿ. ಅವ್ರು ನೋಡ್ಲಿ ಅಂತ ಬಂದೀನಿ.”

ಹುಣಸೆ ಕಚ್ಚುವುದಕ್ಕೆ ಹೊತ್ತು ಬೇಕು. ಅಷ್ಟು ಹೊತ್ತೂ ನಾನು ಹೇಳಿದೆ. ಅಜ್ಜಿಯ ಕಟ್ಟು, ಕಸಬರಿಗೆ ಕಡ್ಡಿ, ಬಾಗಿಲಲ್ಲಿ ನಿಂತ ಅಪ್ಪ, ಕಟ್ಟೆಯ ಮೇಲೆ ನಾನು ಆಡಿದ ಮಾತು. ತಲೆ ಎತ್ತದೆ, ಉಜ್ಜುತ್ತ ಹೇಳಿದೆ. ತಲೆ ಎತ್ತಿದ್ದರೆ ಹೇಳಲಾಗುತ್ತಿರಲಿಲ್ಲ. “ಆ ಹುಡುಗಿ ಮೇಣ ತುಂಬಿಲ್ಲ. ನನಗ ಗೊತ್ತಿದ್ದು ಸುಳ್ಳು ಹೇಳೀನಿ,” ಎಂದು ಮುಗಿಸಿದಾಗ ತೂತಿನ ಸುತ್ತಲಿನ ಕರೆ ಮೆತ್ತಗಾಗಿತ್ತು. ನಾರಿನಿಂದ ತಿಕ್ಕಿದೆ. ಹಸಿರು, ಬಿಳಿ ಬೆರೆತ ಚಕ್ಕೆಗಳು ಎದ್ದು ಬಂದವು. ಅವನ್ನು ಅಂಗೈ ಮೇಲಿಟ್ಟು ಗೌಡರಿಗೂ ತೋರಿಸಿದೆ, ಆಚೆಯವರಿಗೂ ತೋರಿಸಿದೆ.

ಕೆಳಗಿನ ಓಣಿಯ ಮುದುಕನೊಬ್ಬ ಹೋಗಿ ತಮ್ಮ ಬಟ್ಟಲು ತಂದು ಕೊಪ್ಪರಿಗೆಯಲ್ಲಿ ಬಿಟ್ಟ. ನಾನು ನಮ್ಮದು ಬಿಟ್ಟೆ. ಮಗ್ಗಿ ಹೇಳುವವರು ಯಾರೂ ಇರಲಿಲ್ಲ. ಎಲ್ಲರೂ ಕೊಪ್ಪರಿಗೆಯ ಸುತ್ತ ನಿಂತೆವು. ಎರಡೂ ಒಂದರ ಹಿಂದೊಂದು, ಗಂಟಲಲ್ಲಿ ಗುಟುಕು ಇಳಿದಂತೆ ಇಳಿದವು.

ಗೌಡರು ಎದ್ದು ನಿಂತರು. “ಸತ್ತ ಅಪ್ಪನ ಮರ್ಯಾದಿ ಬೀದಿಗೆ ತಂದಿ,” ಎಂದರು.

“ಅಪ್ಪ ಸತ್ತ ಮ್ಯಾಲೆ ನೀರು ಕುಡಿದ ಕಬ್ಬು ನಂದ್ರಿ. ಮರ್ಯಾದಿನೂ ನಂದ ಹೋಗ್ಲಿ,” ಎಂದೆ.

ಮೇಲಿನ ಓಣಿ ನನ್ನನ್ನು ಬಹಳ ದಿನ ಮಾತಾಡಿಸಲಿಲ್ಲ. ಬೆಂಕಿ ಕೇಳಲು ಹೋದರೆ ಒಲೆ ಆರಿದೆ ಎನ್ನುತ್ತಿದ್ದರು. ಹೊಗೆ ಮಾತ್ರ ಬೆಳಕಿಂಡಿಯಿಂದ ಏಳುತ್ತಿತ್ತು. ನಮ್ಮ ಕಬ್ಬು ಆ ವರ್ಷ ತೆಳ್ಳಗೆ ಬಂತು. ಇವುಗಳಲ್ಲಿ ನನಗೆ ದೂರಲು ಏನೂ ಇರಲಿಲ್ಲ.

ತಮ್ಮ ಆ ಸಂಜೆ ಮನೆಗೆ ಬಂದು ನನ್ನ ಎದುರಿಗೆ ಕೂತ. ಹೊಗಳಲಿಲ್ಲ. “ದಂಡಿ ಮ್ಯಾಲೆ ಹೇಳಿದ್ದು ದೊಡ್ಡವರಿಗೆ,” ಎಂದ. “ನೀರಿನ ಪಾಠ ಅರ್ಧಕ್ಕ ನಿಂತೈತಿ. ಮಕ್ಕಳಿಗೆ ಯಾರು ಹೇಳ್ತಾರ? ಅವ್ರನ್ನ ಕರಕಂಡು ಬಾ. ಬಂದು ನೀನ ಮುಗಿಸು.”

ಕೆಳಗಿನ ಓಣಿಗೆ ಮನೆಮನೆಗೆ ಹೋದೆ. ಒಬ್ಬಾಕೆ ಕೂರು ಅಂದಳು, ಒಬ್ಬಾಕೆ ಬಾಗಿಲು ಮುಂದೆ ಮಾಡಿದಳು. ಮತ್ತೊಬ್ಬಾಕೆ ಮೊರ ಕೊಡವುತ್ತ, “ಬರ್ರಿ ಅಕ್ಕಾರ, ಏನ್ ಕಳವಾಗೈತಿ ಈ ಸಲ? ಹುಡುಕ್ಕಂಡ್ ಹೋಗ್ರಿ,” ಎಂದಳು. ಅನ್ನಿಸಿಕೊಂಡು, ಮಾರನೆಯ ದಿನ ಮತ್ತೆ ಅವಳ ಬಾಗಿಲಿಗೇ ಹೋದೆ. ಒಬ್ಬೊಬ್ಬರಾಗಿ ಮಕ್ಕಳು ಬಂದವು. ಶಾಲೆ ತುಂಬಿದ ದಿನ ನಾನು ಆ ಮಕ್ಕಳ ಮುಂದೆ ನಿಂತೆ. ಎರಡನೆಯ ಇಯತ್ತೆ ದಾಟದವಳು, ಆ ಕಪ್ಪು ಹಲಗೆಗೆ ಬೆನ್ನು ಮಾಡಿ ನಿಂತದ್ದು ಅದೇ ಮೊದಲು. ಬಟ್ಟಲಿನ ತೂತು ಹೇಗೆ ಮುಚ್ಚಿತು, ಮುಚ್ಚಿದ್ದು ಕಂಡೂ ನಾನು ಯಾಕೆ ಸುಮ್ಮನಿದ್ದೆ, ಯಾರ ಮೇಲೆ ಹಾಕಿದೆ, ಎಲ್ಲ ಹೇಳಿದೆ. ಮಕ್ಕಳು ಬಾಗಿಲಿಂದ ಬಿದ್ದ ಬೆಳಗಿನ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೇಳಿದವು. ಒಬ್ಬ ಹುಡುಗ, “ಅಕ್ಕಾರ, ಹುಣಸಿಗೆ ಅದು ಹೆಂಗ ಬಿಡ್ತೈತ್ರಿ?” ಎಂದ. ಅವನಿಗೆ ಬೇಕಾದದ್ದು ಅದು. ನನಗೆ ಗೊತ್ತಿರಲಿಲ್ಲ. ತಮ್ಮ ಹೇಳಿದ.

ಇನ್‌ಸ್ಪೆಕ್ಟರರು ಬಂದರು. ತೆಲುಗು ಬೆರೆತ ಕನ್ನಡದಲ್ಲಿ ಪುಸ್ತಕದ್ದೂ ಕೇಳಿದರು, ಪುಸ್ತಕದಲ್ಲಿ ಇಲ್ಲದ್ದೂ ಕೇಳಿದರು. ಮಕ್ಕಳು ಕಾಲುವೆಯ ಉದ್ದಕ್ಕೂ ಯಾರ ಹೊಲಕ್ಕೆ ಎಲ್ಲಿ ನೀರು ತಿರುಗುತ್ತದೆಂದು ನೆಲದ ಮೇಲೆ ಬರೆದು ತೋರಿಸಿದವು. ಅವರು ಬೂಟು ಎತ್ತಿ ಎತ್ತಿ ಇಟ್ಟು, ಅಳಿಸದಂತೆ ಅದರ ನಡುವೆ ನಡೆದು ನೋಡಿದರು. “ಇನ್ನೊಂದು ವರ್ಷ ಮಾಡಂಡಿ, ನೋಡೋಣ,” ಎಂದು ಹೋದರು. ಹಾಗೆ ಇನ್ನೊಂದು ವರ್ಷ, ಅದರ ಮೇಲೆ ಇನ್ನೊಂದು ಎಂದು ಆ ಪಾಠ ಮುಂದುವರಿಯಿತು. ಊರಿನವರು ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ.

ನನ್ನದು ಮುಗಿಯಲಿಲ್ಲ. ಆ ಹುಡುಗಿ ಶಾಲೆಗೆ ಬರಲಿಲ್ಲ.

ಅವಳ ಅಪ್ಪನ ಮನೆಗೆ ಎಷ್ಟು ಸಲ ಹೋದೆನೋ. ಅವನು ಪ್ರತಿ ಸಲವೂ ಚಾಪೆ ಹಾಸುತ್ತಿದ್ದ, ನೀರು ಕೊಡುತ್ತಿದ್ದ, ಒಂದೇ ಮಾತು ಹೇಳುತ್ತಿದ್ದ. “ನೀವು ಒಪ್ಪಿಕಂಡ್ರಿ, ಚೊಲೋ ಆತು. ಆದ್ರ ಕಟ್ಟಿ ಮ್ಯಾಲೆ ಅಷ್ಟು ಮಂದಿಯಾಗ ನನ್ನ ಮಗಳಿಗೆ ಕಳ್ಳಿ ಅಂದಾಗ ಒಬ್ರರ ಅಲ್ಲ ಅಂದ್ರೇನು? ಮೇಷ್ಟ್ರೂ ಅನ್ಲಿಲ್ಲ. ಆ ಸಾಲಿಗೆ ಕಳ್ಸಾಂಗಿಲ್ರಿ.” ತಮ್ಮ ತಾನೇ ಹೋಗಿ ಕೈ ಮುಗಿದ. ಆ ರೈತ ತಮ್ಮನಿಗೂ ಚಾಪೆ ಹಾಸಿದ. ಕಳಿಸಲಿಲ್ಲ.

ಹುಡುಗಿ ಎಮ್ಮೆ ಕಾಯತೊಡಗಿದಳು.

“ಆಕಿ ಸಾಲಿಗೆ ಬರಾದು ಬ್ಯಾಡ,” ಎಂದು ಕೊನೆಗೆ ನಾನು ಅವಳ ಅಪ್ಪನಿಗೆ ಹೇಳಿದೆ. “ಸಾಲ್ಯಾಗಿಂದು ನಾ ತಂದು ಕೊಡ್ತೀನಿ. ಕಾಲುವಿ ದಂಡಿಗೆ. ಅದಕ್ಕರ ಬ್ಯಾಡ ಅನ್ನಬ್ಯಾಡ್ರಿ.” ಅವನು ಹೂಂ ಅನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಷ್ಟು ಸಾಕಾಯಿತು.

ತೊಡಕು ಏನೆಂದರೆ ನನಗೇ ಬರುತ್ತಿರಲಿಲ್ಲ. ಅವಳು ನಾಲ್ಕನೆಯ ಇಯತ್ತೆಯವಳು, ನಾನು ಎರಡನೆಯದರವಳು. ಬೆಳಿಗ್ಗೆ ಶಾಲೆಯ ಹಿಂದಿನ ಮೂಲೆಯಲ್ಲಿ ಹುಡುಗರ ಜತೆ ಕೂತು ಆ ದಿನದ ಪಾಠ ಕಲಿಯುತ್ತಿದ್ದೆ. ಭಾಗಾಕಾರ ತಲೆಗೆ ಹತ್ತದೆ ತಮ್ಮನಿಂದ ಬೈಸಿಕೊಂಡದ್ದೂ ಉಂಟು. ಮಧ್ಯಾಹ್ನ ಎಮ್ಮೆಗಳು ನೀರಿಗಿಳಿದಾಗ ಅವಳಿಗೆ ಅದನ್ನು ಒಪ್ಪಿಸುತ್ತಿದ್ದೆ. ಮೊದಮೊದಲು ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಕೋಲಿನಿಂದ ಮಣ್ಣಿನಲ್ಲಿ ಲೆಕ್ಕ ಮಾಡಿ, ನಾನು ನೋಡಿದ ಮೇಲೆ ಕಾಲಿನಿಂದ ಅಳಿಸಿ, ಎಮ್ಮೆಯ ಕಡೆ ಹೋಗಿಬಿಡುತ್ತಿದ್ದಳು. ನಾನು ಮಾರನೆಯ ದಿನ ಮತ್ತೆ ಹೋಗುತ್ತಿದ್ದೆ. ಈಗ ನಾನು ಬರೆಯುತ್ತಿರುವ ಈ ಅಕ್ಷರ ಹೀಗೆ ಅವಳಿಗೆಂದು ಕಲಿತ ಅಕ್ಷರ.

ಮುಂದೆ ನಮ್ಮ ಹೊಳೆಗೆ ಅಣೆಕಟ್ಟು ಬಂದ ಮೇಲೆ ಸರದಿಯೂ ಹೋಯಿತು, ಬಟ್ಟಲಿನ ಕೆಲಸವೂ ಹೋಯಿತು. ನಮ್ಮದು ಈಗಲೂ ಮನೆಯಲ್ಲಿದೆ. ಅದನ್ನು ಜಗುಲಿಯ ಮೇಲೆ ಇಟ್ಟಿಲ್ಲ. ಅಡುಗೆಮನೆಯ ಮಾಡದಲ್ಲಿ, ಉಳಿದ ಪಾತ್ರೆಗಳ ಜತೆ ಇದೆ. ಅವುಗಳ ಜತೆಯೇ ಉಜ್ಜುತ್ತೇನೆ.

ದಂಡೆಯ ಮೇಲಿನ ಆ ಪಾಠದ ದಿನಗಳಲ್ಲೇ ಒಮ್ಮೆ, ಆ ಹುಡುಗಿ ಲೆಕ್ಕ ಅಳಿಸದೆ ಹಾಗೇ ಬಿಟ್ಟು, ಕೋಲನ್ನು ನೆಲಕ್ಕೆ ಊರಿ ನಿಂತಳು.

“ಅಕ್ಕಾರ, ಅವತ್ತು ನೀವು ಯಾಕ ಹಂಗ ಹೇಳಿದ್ರಿ?”

ಆ ಮಾತಿಗೆ ನಾನು ಬಹಳ ದಿನದಿಂದ ಕಾಯುತ್ತಿದ್ದೆ. ಅಜ್ಜಿ, ಅಪ್ಪ, ಗೌಡರು, ಓಣಿ ಎಂದು ಹೇಳಲು ಎಷ್ಟೋ ಇತ್ತು.

“ಕಬ್ಬಿನ ಸಲುವಾಗಿ,” ಎಂದೆ.

ಎಮ್ಮೆಗಳನ್ನು ನೀರಿಂದ ಎಬ್ಬಿಸಲು ಹೊರಟ ಅವಳು, ದಂಡೆಯ ಅಂಚಿನಲ್ಲಿ ನಿಂತು, ತಿರುಗದೆ ಹೇಳಿದಳು.

“ನಾಳಿ ಜಲ್ದಿ ಬರ್ರಿ. ಇದು ಭಾಳ ಸಣ್ಣ ಲೆಕ್ಕ ಆತು.”